ಬೂಷ್ಟೇ ಇರಲಿ

ತನ್ನ ಕಣ್ಣಿನ ಹುಣ್ಣಿನಲ್ಲಿರುವುದು ಬೂಷ್ಟೇ ಆಗಿರಲಿ, ವೈರಸ್ ಬೇಡ ಎಂದು ಗುರವ್ವ ಬೇಡಿಕೊಳ್ಳುತ್ತಿದ್ದಳು. ಬೂಷ್ಟು, ಅಂದರೆ ಫಂಗಸ್, ಹಟಮಾರಿ; ವೈರಸ್ಸಿಗಾದರೆ ಈಗ ಒಳ್ಳೆಯ ಮುಲಾಮು ಬಂದಿದೆ ಎಂದು ಮುದ್ದೇಬಿಹಾಳದ ಕಣ್ಣಿನ ಡಾಕ್ಟರು ಜಯಮಾಲಾ ತಿಳಿಸಿ ಹೇಳಿದ್ದರು. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಸೇರಿಸಿದ್ದರು. ವೈರಸ್ಸಾದರೆ ಹುಣ್ಣು ಮಾಯುವ ತನಕ ಹಸುಗೂಸನ್ನು ಮುಟ್ಟುವಂತಿಲ್ಲ. ದೊಡ್ಡವರ ಕಣ್ಣನ್ನಷ್ಟೇ ಕೆಡಿಸುವ ಆ ರೋಗ ಕೂಸಿನ ಜೀವಕ್ಕೇ ಎರವಾದೀತು.

ಅವಳ ಊರು ಗೊಳಸಂಗಿಯ ಮನೆಯಲ್ಲಿ ಸೊಸೆ ಶೈಲಶ್ರೀ ಹಡೆದು ಇನ್ನೂ ತಿಂಗಳಾಗಿರಲಿಲ್ಲ. ತವರಿನಲ್ಲಿ ಅವಳಿಗೆ ಯಾರೂ ಇರಲಿಲ್ಲವಾದ್ದರಿಂದ ಬಾಣಂತನವೆಲ್ಲ ಗುರವ್ವನದೇ. ಕೂಸಿಗೆ ನೀರೆರೆಯುವವಳೂ ಅವಳೇ.

ಜೋಳ ಕೊಯ್ಯುವಾಗ ಒಣಗಿದ ಎಲೆ ಬಡಿದು ಗುರವ್ವನ ಕಣ್ಣು ಕೆಂಪಾಗಿತ್ತು. ಔಷಧದ ಅಂಗಡಿಯವನು ಕೊಟ್ಟ ಹನಿ ಮೊದಲು ತಂಪೆನಿಸಿ, ಆಮೇಲೆ ಹುಣ್ಣಿನ ಆಕಾರವನ್ನೇ ಕಲಸಿಹಾಕಿತ್ತು. ನೋಡಿ ಹೇಳಲಾಗದು, ಕೆರೆದು ಲ್ಯಾಬಿಗೆ ಕಳಿಸಬೇಕು ಎಂದರು ಜಯಮಾಲಾ. ಆ ಹನಿಯಲ್ಲದೆ ಬೇರೆ ಔಷಧ ಹಾಕಿದ್ದೀರಾ ಎಂದೂ ಕೇಳಿದರು. ಇಲ್ಲ ಎಂದಳು ಗುರವ್ವ. ಹುಣ್ಣಿನ ಅಂಚಿನಿಂದ ತೆಗೆದದ್ದನ್ನು ಗಾಜಿನ ಪಟ್ಟಿಗೆ ಸವರಿ, ಬಸ್‌ಸ್ಟ್ಯಾಂಡಿನ ಹಿಂದಿನ ಜಹೀರನ ಲ್ಯಾಬಿಗೆ ಕಳಿಸಿದರು.

ಸ್ವಲ್ಪ ಹೊತ್ತಿಗೆ ಜಹೀರ ತಾನೇ ಎದ್ದು ಬಂದ. ಗಾಜಿನ ಪಟ್ಟಿಯ ಮೇಲೆ ಜೀವಕೋಶಗಳಿಗಿಂತ ಜಿಡ್ಡಿನ ಗುಳ್ಳೆಗಳೇ ಹೆಚ್ಚು, ನಡುವೆ ಹತ್ತಿಯ ಎಳೆ ಬೇರೆ.

"ಅವ್ವಾ, ಕಣ್ಣಾಗ ಬೆಣ್ಣಿ ಕಡದೀಯೇನು?"

ಗುರವ್ವ ಮುಖ ತಿರುಗಿಸಿದಳು. ಜೊತೆಗೆ ಬಂದಿದ್ದ ಮಗ ಸಂಗಮೇಶ ನಾಚಿಕೊಳ್ಳುತ್ತಲೇ ಬಾಯಿ ಬಿಟ್ಟ. ದಿನಾ ಮುಂಜಾನೆ ಶೈಲಶ್ರೀ ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ಹತ್ತಿಯನ್ನು ಎದೆಹಾಲಿನಲ್ಲಿ ಅದ್ದಿ ಅತ್ತೆಯ ಕಣ್ಣಿಗೆ ಹಿಂಡುತ್ತಿದ್ದಳು. ಇವತ್ತೂ ಬಸ್ ಹತ್ತುವ ಮುಂಚೆ ಹಿಂಡಿದ್ದಳು.

ಕೇಳಿದಾಗ ಯಾಕೆ ಹೇಳಲಿಲ್ಲ ಎಂದು ಜಯಮಾಲಾ ಬೇಸರಪಟ್ಟರು.

"ನೀವು ಔಷಧ ಕೇಳಿದ್ರಿ," ಎಂದಳು ಗುರವ್ವ. "ನಮ್ಮ ಸೊಸಿ ಹಾಲು ಔಷಧ ಹೆಂಗಾಗತೈತ್ರಿ?"

ಡಾಕ್ಟರು ಕೂಸನ್ನು ತರಿಸಿ ನೋಡಿದರು. ಅದಕ್ಕೇನೂ ಆಗಿರಲಿಲ್ಲ. ಕಣ್ಣಿಗೆ ಏನನ್ನೂ ಹಾಕದೆ ಮತ್ತೆ ಬರಲು ಹೇಳಿದರು. ಗುರವ್ವ ಬಂದಳು, ಹಲ್ಲು ಕಚ್ಚಿ ಎರಡನೆಯ ಸಲ ಕೆರೆಸಿಕೊಂಡಳು. ಈ ಸಲ ಅಲ್ಲೇ ಕಾಯದೆ ನೇರ ಲ್ಯಾಬಿಗೇ ನಡೆದು ಜಹೀರನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅವನು ಬಣ್ಣ ಹಾಕಿದ, ತೊಳೆದ, ಒಣಗಿಸಿದ, ನೋಡಿದ. ತಲೆ ಅಲ್ಲಾಡಿಸಿದ. ವೈರಸ್ಸೇ ಎಂದು ಅವಳಿಗೆ ಅರ್ಥವಾಯಿತು.

"ಬೂಷ್ಟ ಅಂತ ಬರದರ ನಿನ್ನ ಕೈ ಸವೀತೈತೇನೋ ತಮ್ಮಾ?"

"ಬರೀತೇನಿ. ನಿನ್ನ ಕಣ್ಣೂ ಹೋಗಲಿ, ಆ ಕೂಸಿಗೂ ಹತ್ತಲಿ. ಬರೀಲೇನು?"

ಜಹೀರ ಎದ್ದು ಜಾಗ ಬಿಟ್ಟುಕೊಟ್ಟ. ಗುರವ್ವ ಒಳ್ಳೆಯ ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟಳು. ನೇರಳೆ ಬಣ್ಣದ ಕೋಶವೊಂದು ಉಬ್ಬಿ ಕೂತಿತ್ತು. ಅದರೊಳಗೆ ಗುಂಡು ಗುಂಡಾದ ಹಲವು ಕಾಳುಗಳು ಒತ್ತೊತ್ತಾಗಿದ್ದವು. ಸುತ್ತಲಿನ ಕೋಶಗಳನ್ನು ಬೆಸೆದು ಹೀಗೆ ಒಂದೇ ಮಾಡುವುದು ವೈರಸ್ಸಿನ ಕೆಲಸ, ಬೂಷ್ಟಾಗಿದ್ದರೆ ದಾರದ ಎಳೆಗಳು ಕಾಣುತ್ತಿದ್ದವು ಎಂದು ಜಹೀರ ವಿವರಿಸಿದ. ಗುರವ್ವ ಇನ್ನೂ ಬಗ್ಗಿಯೇ ಇದ್ದಳು. ಒಂದೇ ಒಂದು ದಾರಕ್ಕಾಗಿ ಹುಡುಕುತ್ತಿದ್ದಳು.

ಸಂಜೆ ಮನೆಗೆ ಬಂದು, ಬಾಣಂತಿ ಕೋಣೆಯ ಹೊಸ್ತಿಲ ಹೊರಗೇ ನಿಂತು ಸೊಸೆಗೆ ಸುದ್ದಿ ಹೇಳಿದಳು. ಶೈಲಶ್ರೀ ತೊಟ್ಟಿಲ ಹಗ್ಗಕ್ಕೆ ತನ್ನ ಹಳೆಯ ಸೀರೆಯನ್ನು ಉದ್ದಕ್ಕೆ ಹರಿದು ಗಂಟು ಹಾಕಿದಳು, ಇನ್ನೊಂದು ಸೀರೆಯನ್ನೂ ಸೇರಿಸಿದಳು, ತುದಿಯನ್ನು ಪಡಸಾಲೆಯ ಆ ಕಡೆಯ ಕಂಬದ ತನಕ ಎಳೆದು ತಂದಿಟ್ಟಳು. ಗುರವ್ವ ಕಂಬಕ್ಕೆ ಒರಗಿ ಕೂತು ಜಗ್ಗಿದಳು. ಒಳಗೆ ತೊಟ್ಟಿಲು ಧಡ್ಡನೆ ಗೋಡೆಗೆ ಬಡಿಯಿತು.

"ಸಾವಕಾಶ ಅತ್ತಿ. ಬಾವಿ ನೀರ ಸೇದಾಕತ್ತೀರೇನು?"

ಗುರವ್ವ ನಕ್ಕಳು. ನಗುವಿಗೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಎತ್ತಿದ ಕೈಯನ್ನು ಸೊಸೆಯ ನೋಟ ಕಂಡು ಇಳಿಸಿ, ಮತ್ತೆ ಸೀರೆಯ ತುದಿ ಹಿಡಿದು ಮೆಲ್ಲಗೆ ಜಗ್ಗಿದಳು.