ಮಂಚದ ಕೆಳಗಿನ ಎಸ್ಟೇಟ್

ನಾವು ಜಾಗ ಕೊಳ್ಳುವ ಮೊದಲೇ ಅದರ ಬೋರ್ಡು ಮನೆಗೆ ಬಂದಿತ್ತು. ನಾಲ್ಕಡಿ ಅಗಲದ ಹಸಿರು ತಗಡು, ಅದರ ಮೇಲೆ ಬಿಳಿ ಅಕ್ಷರದಲ್ಲಿ ಮಗಳ ಹೆಸರು: 'ಮಾನಸ ಎಸ್ಟೇಟ್'. ಕುಶಾಲನಗರದ ನಮ್ಮ ಬಾಡಿಗೆಮನೆಯಲ್ಲಿ ಅದನ್ನು ಇಡಲು ಬೇರೆಲ್ಲೂ ಆಗದೆ ಮಂಚದ ಕೆಳಗೆ ತಳ್ಳಿದೆವು.

ನನ್ನ ಗಂಡ ಮಂಜೇಶ್ ಹದಿನಾಲ್ಕು ವರ್ಷದಿಂದ ಬೇರೆಯವರ ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ಸಂಜೆ ಸಾಹುಕಾರರ ಜೀಪಿಗೆ ಗೇಟು ತೆಗೆಯುವುದು. ಅಂಥವರಿಗೆ ತಮ್ಮದೂ ಒಂದು ಗೇಟು ಬೇಕೆನಿಸಿದರೆ ತಪ್ಪೆಂದು ನಾನು ಹೇಳಲಾರೆ.

ನನಗೆ ಬೇಕಿದ್ದದ್ದು ಮನೆ. ಕೂಡಿಟ್ಟದ್ದರಲ್ಲಿ ಮಾದಾಪುರದ ಗುಡ್ಡದ ಮೇಲೆ ಮೂರು ಎಕರೆ ಸಿಗುತ್ತಿತ್ತು, ಆದರೆ ಮನೆ ಕಟ್ಟಲು ಏನೂ ಉಳಿಯುತ್ತಿರಲಿಲ್ಲ. ಇಲ್ಲವೇ ರಸ್ತೆ ಬದಿಯ ಮೂವತ್ತು ಸೆಂಟು, ಅದರಲ್ಲೊಂದು ಸಣ್ಣ ಹೆಂಚಿನ ಮನೆ.

"ಮೂವತ್ತು ಸೆಂಟಿಗೆ ಎಸ್ಟೇಟ್ ಅಂದ್ರೆ ಕಾಫಿ ಗಿಡಾನೇ ನಗ್ತದೆ, ರೈಟ್ರೇ," ಅಂದ ಬ್ರೋಕರ್ ಸಾಂತಪ್ಪ, ಬೋರ್ಡನ್ನು ಬಗ್ಗಿ ನೋಡುತ್ತ. "ಇದಕ್ಕೆ ಕಮ್ಮಿ ಅಂದ್ರೂ ಮೂರು ಎಕರೆ ಬೇಕು."

"ಮೂರು ಸಾಕಾ?" ಇವರಿಗೆ ಗಾಬರಿ.

"ಅಕ್ಷರ ಇಷ್ಟು ದಪ್ಪ ಬರೆಸಿದ್ದೀರಲ್ಲ. ನಾಲ್ಕಾದ್ರೆ ಇನ್ನೂ ಚೆಂದ."

ನಾನು ವಾದಿಸಲಿಲ್ಲ; ಒಲೆಯ ಮೇಲೆ ಹಾಲಿತ್ತು. ಭಾನುವಾರ ಗುಡ್ಡ ನೋಡಲು ಹೊರಟಾಗ, "ಬೋರ್ಡೂ ತಗೊಳ್ರೀ, ನಿಲ್ಸಿ ನೋಡಣ ಹೆಂಗೆ ಕಾಣ್ತದೆ ಅಂತ" ಎಂದೆ. ಮದುವೆಯ ದಿನವೂ ಅವರ ಮುಖ ಅಷ್ಟು ಅರಳಿರಲಿಲ್ಲ.

ಬಾಡಿಗೆ ಜೀಪು ಗುಡ್ಡದ ಕೆಳಗೆ ನೀರು ಹರಿಯುವ ತೋಡಿನವರೆಗೆ ಮಾತ್ರ ಹೋಯಿತು. ಬೋರ್ಡು ತಲೆಯ ಮೇಲೆ ಹೊತ್ತ ಇವರು ಮೊದಲ ತಿರುವಿನಲ್ಲಿ ಮಾತು ನಿಲ್ಲಿಸಿದರು. ಎರಡನೆಯದರಲ್ಲಿ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಮೂರನೆಯದರಲ್ಲಿ ಬೋರ್ಡು ಕೆಳಗಿಟ್ಟು ಅದರ ಮೇಲೆಯೇ ಕುಳಿತರು.

"ಅಪ್ಪಾ, ನನ್ನ ಹೆಸರಿನ ಮೇಲೆ ಕೂತ್ಬಿಟ್ಯಲ್ಲ!" ಅಂದಳು ಮಾನಸ.

"ಇನ್ನೆಷ್ಟು ದೂರನಯ್ಯಾ?"

"ಇಲ್ಲೇ, ರೈಟ್ರೇ," ಅಂದ ಸಾಂತಪ್ಪ. "ಅರ್ಧ ಬಂದಾಯ್ತಲ್ಲ."

ಇವರ ಕಾಲಿನ ಜಿಗಣೆ ಕಿತ್ತು, ನೀರಿನ ಬಾಟಲಿ ಕೊಟ್ಟು, ಮೆಲ್ಲಗೆ ಕೇಳಿದೆ: "ಮನೆ ಅಂತ ಒಂದಾದ್ರೆ ಗ್ಯಾಸ್ ಸಿಲಿಂಡರೂ ಹಿಂಗೇ ಹೊರಬೇಕಲ್ವೇನ್ರೀ? ಬೋರ್ಡಾದ್ರೆ ಒಂದೇ ಸಲ."

ಇವರು ಗುಡ್ಡದ ತುದಿಯನ್ನು ನೋಡಿದರು. ಆಮೇಲೆ ನನ್ನನ್ನು. "ಆ ರಸ್ತೆ ಬದಿಯದ್ದು... ಅಲ್ಲಿ ಬಸ್ಸು ನಿಲ್ತದೇನೇ?"

"ಗೇಟಿನ ಮುಂದೇನೇ."

ಈಗ ಮೂವತ್ತು ಸೆಂಟಿನಲ್ಲಿ ಮನೆ, ಬಾವಿ, ಎಂಟು ಕಾಫಿ ಗಿಡ ಇವೆ. ದಿನಾ ಬೆಳಿಗ್ಗೆ ಆ ಎಂಟು ಗಿಡಗಳ ಹಾಜರಿಯೂ ಆಗುತ್ತದೆ. ಬೋರ್ಡು ಗೇಟಿಗಿಂತ ಅಗಲವಾಗಿದ್ದರಿಂದ ಕೋಳಿಗೂಡಿನ ಸೂರಾಯಿತು.

ಮೊನ್ನೆ ಸಾಹುಕಾರರು ಜೀಪು ನಿಲ್ಲಿಸಿ ಅದನ್ನು ಓದಿ ನಕ್ಕರು. "ಏನ್ ರೈಟ್ರೇ, ನಿಮ್ಮ ಎಸ್ಟೇಟಲ್ಲಿ ಎಷ್ಟು ಆಳು?"

"ಆರು ಕೋಳಿ, ಸಾರ್. ಇವತ್ತು ಎಲ್ಲಾ ಹಾಜರ್. ಬನ್ನಿ ಒಳಗೆ," ಎಂದು ಇವರು ಓಡಿಹೋಗಿ ತಮ್ಮ ಗೇಟು ತೆಗೆದರು.

ನಾನು ಕಾಫಿಗೆ ನೀರಿಟ್ಟೆ.