ಕಫೀಲ್ ಇಲ್ಲದ ಕಂಪ್ಯೂಟರ್

ಹಳೇ ಲ್ಯಾಪ್‌ಟಾಪ್ ಇಲ್ಲದ ನಮ್ಮವರ ಮನೆ ಈ ಕೊಲ್ಲಿ ದೇಶದ ಫಹಾಹೀಲಿನಲ್ಲಿ ಯಾವುದಿದೆ ಹೇಳಿ. ಮಂಚದಡಿಯಲ್ಲಿ, ಸೂಟ್‌ಕೇಸಿನ ಪಕ್ಕ ಧೂಳು ತಿನ್ನುತ್ತಾ ಬಿದ್ದಿರುತ್ತದೆ. ಕೇಳಿದರೆ, "ಹೊಸ ವರ್ಷನ್ ಇದರಲ್ಲಿ ಓಡುವುದಿಲ್ಲ ಮಾರಾಯ್ರೆ, ಕಂಪೆನಿಯವರೇ ಹೇಳಿದ್ದು" ಎನ್ನುತ್ತಾರೆ. ಹೇಳದೆ ಇನ್ನೇನು? ಅವರಿಗೆ ಹೊಸತು ಮಾರಬೇಕಲ್ಲ!

ಕುಸುಮಕ್ಕ ಅಂಥ ನಾಲ್ಕು ಲ್ಯಾಪ್‌ಟಾಪ್ ಒಟ್ಟು ಮಾಡಿದ್ದರು. ಪ್ರತಿ ಶುಕ್ರವಾರ ಅವರ ಫ್ಲ್ಯಾಟಿನ ಹಾಲಿನಲ್ಲಿ ಮಕ್ಕಳಿಗೆ ಕನ್ನಡ ತರಗತಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು. ಅವರ ಮಗಳು ನವ್ಯಶ್ರೀಯೂ ಹಾಗೆಯೇ. ಪುಸ್ತಕ ತೆರೆದರೆ ಆಕಳಿಸುತ್ತಿದ್ದ ಈ ದಂಡು, ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿದ ದಿನದಿಂದ ಕೀಬೋರ್ಡಿಗಾಗಿ ಜಗಳವಾಡತೊಡಗಿತು. ತಮ್ಮದೇ ಒಂದು ಪುಟ್ಟ ಪತ್ರಿಕೆ ಮಾಡುತ್ತೇವೆಂದು ಕೂತಿತು.

ಆ ಹಳೇ ಯಂತ್ರಗಳಿಗೆ ಜೀವ ಕೊಟ್ಟವರು ಮೇಲಿನ ಮಹಡಿಯ ಇಸಾಬೆಲ್ ಬಾಯಿ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವರಿಗೆ ಕೆಲಸ. ಯಾರು ಬೇಕಾದರೂ ಬಳಸಬಹುದಾದ ಮುಕ್ತ ಸಾಫ್ಟ್‌ವೇರನ್ನು ಅವುಗಳಲ್ಲಿ ಹಾಕಿಕೊಟ್ಟಿದ್ದರು.

ಒಂದು ಗುರುವಾರ ಸಂಜೆ ಕುಸುಮಕ್ಕನ ಗಂಡ, ಕಾರು ಮೆಕ್ಯಾನಿಕ್ ರೋಹಿದಾಸಣ್ಣ, ಶುವೈಖಿನ ಗ್ಯಾರೇಜಿನಿಂದ ಬಂದವರೇ, ಕಸದ ಕಪ್ಪು ಚೀಲ ಬಿಡಿಸಿ ನಾಲ್ಕೂ ಲ್ಯಾಪ್‌ಟಾಪನ್ನು ಅದರೊಳಗೆ ತುಂಬಿದರು.

"ಎಂತ ಮಾಡ್ತಾ ಇದ್ದೀರಿ?" ಎಂದರು ಕುಸುಮಕ್ಕ.

"ಇದು ಈ ಮನೆಯಲ್ಲಿ ಬೇಡ. ಸೈಮನ್ ಸಿಕ್ಕಿದ್ದ."

ಸೈಮನ್ ಮಿರ್ಕಾಬಿನ ಆಫೀಸುಗಳಿಗೆ ಸಾಫ್ಟ್‌ವೇರ್ ಮಾರುವವನು. ನಮ್ಮೂರಿನವನೇ.

"ಅವನು ಹೇಳಿದ, ಪುಕ್ಕಟೆ ಸಾಫ್ಟ್‌ವೇರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವಂತೆ. ಎಷ್ಟೋ ಸರಕಾರಿ ಕಚೇರಿಗಳು ಹತ್ತಿರ ಸೇರಿಸುವುದಿಲ್ಲವಂತೆ. ಜಾಮೀನು ನಿಲ್ಲುವ ಕಫೀಲ್ ಇಲ್ಲದ ಮನುಷ್ಯನಿಗೆ ಈ ದೇಶದಲ್ಲಿ ಎಂತಾಗುತ್ತದೆ? ಧಣಿ ಇಲ್ಲದ ಕಂಪ್ಯೂಟರಿಗೂ ಅದೇ! ಯಾರಾದರೂ ಬಂದು ವಿಚಾರಿಸಿದರೆ ಇಲ್ಲಿರಲು ಕೊಟ್ಟ ನನ್ನ ಇಕಾಮಾ ಖಲಾಸ್. ನಿನ್ನದೂ, ಮಗಳದೂ. ಮತ್ತೆ ಮಂಗಳೂರಿನ ವಿಮಾನದಲ್ಲಿ ಕೂತು ಕನ್ನಡ ಕಲಿಸು!"

ನಗಬೇಡಿ. ಕಾಗದ ಸರಿಯಿಲ್ಲ ಎಂಬ ಹೆದರಿಕೆ ಎಂಥದೆಂದು ನಮಗೆಲ್ಲ ಗೊತ್ತು. ಆ ಹೆದರಿಕೆಯನ್ನೇ ಹಿಡಿದು ವ್ಯಾಪಾರ ಮಾಡುವವರಿದ್ದಾರಲ್ಲ, ನನಗೆ ಸಿಟ್ಟು ಬರುವುದು ಅವರ ಮೇಲೆ.

ಕುಸುಮಕ್ಕ ಜಗಳಕ್ಕೆ ನಿಲ್ಲಲಿಲ್ಲ. ಮೇಲಿನ ಮಹಡಿಗೆ ಫೋನ್ ಮಾಡಿದರು. ಇಸಾಬೆಲ್ ಬಾಯಿ ಒಂದು ತಟ್ಟೆ ಇಡ್ಲಿಯಂಥ ಬಿಸಿ ಸನ್ನಾ ಹಿಡಿದುಕೊಂಡೇ ಇಳಿದು ಬಂದರು.

"ರೋಹಿದಾಸಣ್ಣ, ಮೊದಲು ತಿನ್ನಿ."

"ತಿನ್ನುತ್ತೇನೆ. ಆದರೆ ಒಪ್ಪುವುದಿಲ್ಲ ಬಾಯಿ. ಇದಕ್ಕೆ ಕಾಗದ ಉಂಟಾ? ತೋರಿಸಿ."

"ಉಂಟು." ಇಸಾಬೆಲ್ ಬಾಯಿ ಚೀಲದಿಂದ ಒಂದು ಲ್ಯಾಪ್‌ಟಾಪ್ ತೆಗೆದು, ಅದರ ಲೈಸೆನ್ಸ್ ತೆರೆದು, ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದರು. "ಬಳಸಿ, ಒಳಗೆ ಹೇಗೆ ಬರೆದಿದ್ದೇವೆಂದು ನೋಡಿ, ಬೇಕಾದರೆ ತಿದ್ದಿ, ಇನ್ನೊಬ್ಬರಿಗೂ ಕೊಡಿ. ಮಾಡಿದವರೇ ಬರೆದುಕೊಟ್ಟ ಅನುಮತಿ ಇದು. ಕಂಪೆನಿಯ ಸೊತ್ತಿನ ಬೀಗ ಒಡೆದು ಹಾಕಿಕೊಳ್ಳುತ್ತಾರಲ್ಲ, ಅದು ಕಳ್ಳತನ. ಇದು ಅದಲ್ಲ."

"ಒಳಗೆ ಎಂತ ಉಂಟೆಂದು ಯಾರಿಗೆ ಗೊತ್ತು?"

"ಇದರ ಒಳಗೆ ಎಂತ ಉಂಟೆಂದು ಲೋಕವೇ ನೋಡಬಹುದು. ಸೈಮನ್ ಮಾರುವುದರ ಒಳಗೆ ಎಂತ ಉಂಟೆಂದು ಸೈಮನಿಗೇ ಗೊತ್ತಿಲ್ಲ!"

"ಮತ್ತೆ ಸರಕಾರದವರು ಯಾಕೆ ಬೇಡ ಎನ್ನುವುದು?"

"ಎಲ್ಲರೂ ಎಲ್ಲಿ ಎನ್ನುತ್ತಾರೆ? ಕೇರಳದ ಸರಕಾರಿ ಶಾಲೆಯ ಮಕ್ಕಳು ವರ್ಷಗಳಿಂದ ಇಂಥದರಲ್ಲೇ ಕಲಿಯುವುದು. ಬೇಡ ಎನ್ನುವ ಕಚೇರಿಗಳೂ ಉಂಟು. ತೊಂದರೆ ಬಂದರೆ ಯಾರನ್ನು ಹಿಡಿಯುವುದು ಎಂದು ಅಧಿಕಾರಿಗಳಿಗೆ ಅಳುಕು. ಆ ಅಳುಕಿಗೆ ಗಾಳಿ ಹಾಕಲು ಮಾರುವವರು ಬಾಗಿಲಲ್ಲೇ ನಿಂತಿರುತ್ತಾರೆ."

"ಕೇರಳದಲ್ಲಿ ಉಂಟಾ? ನಮ್ಮ ಗ್ಯಾರೇಜಿನ ಮಲಯಾಳಿಗಳು ಒಬ್ಬರೂ ಹೇಳಲಿಲ್ಲ ನೋಡಿ!" ರೋಹಿದಾಸಣ್ಣ ಇನ್ನೊಂದು ಸನ್ನಾ ತೆಗೆದುಕೊಂಡರು. "ಆದರೂ ಕಂಪೆನಿಯದು ಕಂಪೆನಿಯದೇ. ಹೊರಗಿನವರು ಕೈ ಹಾಕಿದರೆ ಅಪಾಯ."

ಕುಸುಮಕ್ಕ ನೀರಿನ ಲೋಟ ಠಕ್ಕೆಂದು ಇಟ್ಟರು. "ಈ ಮಾತು ನಾನು ಕೇಳಿದ್ದೇನೆ."

"ಎಲ್ಲಿ?"

"ಈ ಮನೆಯಲ್ಲೇ, ದಿನಾ ಊಟಕ್ಕೆ ಕೂತಾಗ. ಕಾರಿನ ಶೋರೂಮಿನವರು ಗಿರಾಕಿಗಳಿಗೆ ಹೇಳುವುದು ಇದನ್ನೇ ಅಲ್ವಾ? ಹೊರಗಿನ ಗ್ಯಾರೇಜಿನವರು ಕೈ ಹಾಕಿದರೆ ಅಪಾಯ, ನಮ್ಮಲ್ಲಿಗೇ ಬನ್ನಿ ಅಂತ. ಅದಕ್ಕೆ ನೀವು ಕೊಡುವ ಬೈಗುಳ ಮಗಳಿಗೆ ಬಾಯಿಪಾಠ."

"ಬೈಯದೆ ಎಂತ ಮಾಡುವುದು? ಬಾನೆಟ್ ಎತ್ತಿದರೆ ನನಗೂ ಎಲ್ಲ ಕಾಣುತ್ತದೆ. ನಾನು ಸರಿ ಮಾಡಿದ ಒಂದು ಗಾಡಿ ದಾರಿಯಲ್ಲಿ ನಿಂತದ್ದುಂಟಾ? ಅವರ ವ್ಯಾಪಾರ ಹೋಗುತ್ತದೆಂದು ಗಿರಾಕಿಗಳನ್ನು ಹೆದರಿಸುವು..."

ರೋಹಿದಾಸಣ್ಣ ಕೈಯಲ್ಲಿದ್ದ ಸನ್ನಾವನ್ನು ತಟ್ಟೆಗೇ ಇಟ್ಟರು.

"ಮುಂದೆ ಹೇಳಿ ಅಣ್ಣ," ಎಂದರು ಇಸಾಬೆಲ್ ಬಾಯಿ, ನಗು ತಡೆದುಕೊಂಡು.

"ಎಂತ ಹೇಳುವುದು ಬಾಯಿ! ಆ ಸೈಮನ್ ಅಪ್ಪಟ ಶೋರೂಮಿನವನು!"

ಅವರು ಕೈ ತೊಳೆದು ಬಂದು ಕಪ್ಪು ಚೀಲದ ಮುಂದೆ ಕೂತರು. ಒಂದೊಂದಾಗಿ ಲ್ಯಾಪ್‌ಟಾಪ್ ಹೊರಗೆ ತೆಗೆದು, ಗಾಡಿಯ ಗಾಜು ಒರೆಸುವ ಹಾಗೆ ಒರೆಸಿದರು. ಕೋಣೆಯ ಬಾಗಿಲಲ್ಲಿ ನವ್ಯಶ್ರೀ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು.

"ಡ್ಯಾಡಿ, ಆರ್ ವಿ ಕೀಪಿಂಗ್ ದೆಮ್?"

"ಕನ್ನಡದಲ್ಲಿ ಕೇಳು, ಹೇಳುತ್ತೇನೆ."

ಹುಡುಗಿ ಪದ ಹುಡುಕಿ ಕೇಳಿದಳು.

"ಅಪ್ಪ, ಇದು ನಮ್ಮದಾ?"

ರೋಹಿದಾಸಣ್ಣ ಒರೆಸಿದ ಒಂದು ಲ್ಯಾಪ್‌ಟಾಪನ್ನು ಅವಳ ಕೈಗಿಟ್ಟರು. "ನಮ್ಮದೇ ಮಗಾ. ಕೆಟ್ಟರೆ ನಾವೇ ಬಿಚ್ಚಿ ನೋಡುವ."

ಈಗ ನಿಮ್ಮ ಮಂಚದಡಿಗೆ ಬಗ್ಗಿ ನೋಡಿ. ಅಲ್ಲಿ ಬಿದ್ದಿರುವುದನ್ನು ಈ ಶುಕ್ರವಾರ ಹೊರಗೆ ತೆಗೆಯಿರಿ. ಫೋಟೊ, ಫೈಲುಗಳನ್ನು ಮೊದಲು ಬೇರೆ ಕಡೆ ಉಳಿಸಿಡಿ. ತಿಳಿದವರೊಬ್ಬರನ್ನು ಕೂರಿಸಿಕೊಂಡು ಮುಕ್ತ ಸಾಫ್ಟ್‌ವೇರ್ ಹಾಕಿಸಿ. ಅದನ್ನು ಮಾಡಿದವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ, ಕಂಡಕಂಡಲ್ಲಿಂದ ಬೇಡ. ಆಫೀಸಿನ ಕಂಪ್ಯೂಟರಾದರೆ ಕೇಳದೆ ಮುಟ್ಟಬೇಡಿ, ಅದು ನಿಮ್ಮದಲ್ಲ. ಯಾರಾದರೂ ಬಂದು ಹೆದರಿಸಿದರೆ ನನ್ನ ಹಾಗೆ ರೇಗಬೇಡಿ. ಒಂದು ಚಹಾ ಕೊಟ್ಟು ಕೇಳಿ: "ಮಾರಾಯ್ರೆ, ನೀವು ಮಾರುವುದು ಎಂತ?"