ಬಾಗದ ಗೆರೆ

ಆ ಮುಂಜಾನೆ ಕೋಲ್ಕತ್ತಾದ ಮೇಲೆ ಮಂಜು ತೆಳ್ಳಗೆ ಕೂತಿತ್ತು. ಮಾಘದ ಬಿಸಿಲು ಅದರೊಳಗಿಂದ ನಾಚಿ ನಾಚಿ ಇಣುಕುತ್ತಿತ್ತು. ಸರಸ್ವತಿ ಪೂಜೆ. ಠಾಕುಮಾ ಹಸಿ ಅರಿಸಿನ, ಬೇವು ಅರೆದು ಮೊಮ್ಮಗಳು ತೊರ್ಷಾಳ ಕೈಯಲ್ಲಿಟ್ಟು, ಮೈಗೆಲ್ಲ ಹಚ್ಚಿಕೊಂಡು ಮಿಂದು ಬಾ ಎಂದಿದ್ದಳು. ಆಮೇಲೆ ಹಳದಿ ಸೀರೆ ಉಡಿಸಿ ಕಾಲೇಜಿಗೆ ಕಳಿಸಿದಳು.

ದೇವಿಗೆ ಹೂವಿನ ಅಂಜಲಿ ಅರ್ಪಿಸುವ ತನಕ ಹೊಟ್ಟೆಗೇನೂ ಇಲ್ಲ. ಓದುಬರಹವಂತೂ ದಿನವಿಡೀ ಇಲ್ಲ. ಪುಸ್ತಕಗಳೆಲ್ಲ ಅಂಗಳದ ಚಪ್ಪರದಲ್ಲಿ ದೇವಿಯ ಪಾದ ಸೇರಿದ್ದವು. ಹಾಗಾಗಿಯೇ, ವರ್ಷವಿಡೀ ಸರದಿಗೆ ಕಾಯಿಸುವ, ಪ್ರಯೋಗಶಾಲೆಯ ಬೆಳಕು ಅಳೆಯುವ ಯಂತ್ರ ಅಂದು ಖಾಲಿ. ತೊರ್ಷಾ ದೂರದಿಂದಲೇ ದೇವಿಗೆ ಕೈಮುಗಿದು, ತಪ್ಪಾಯಿತು ತಾಯಿ ಎಂದು ಮೊದಲೇ ಹೇಳಿ, ಒಳಗೆ ನುಗ್ಗಿದಳು.

ಮರದರಿಸಿನದ ಬೇರಿನ ಸತ್ವದಿಂದ ಅವಳೊಂದು ಹೊಸ ಔಷಧ ಮಾಡಿದ್ದಳು. ಬರೀ ನೀರಿನಲ್ಲಿ ಅದು ಮಂಕು. ಡಿಎನ್‌ಎ ಎಂಬ ಏಣಿಯ ಮೆಟ್ಟಿಲುಗಳ ನಡುವೆ ನುಸುಳಿ ಕೂತರೆ ಹೊಳೆಯಬೇಕು. ಕೂರುತ್ತದೆಂದು ನಾಳೆ ತೋರಿಸದಿದ್ದರೆ ಇದನ್ನು ಬಿಟ್ಟು ಬೇರೆ ವಿಷಯ ಹಿಡಿ ಎಂದಿದ್ದರು ಪಿಎಚ್‌ಡಿ ಗುರುಗಳು. ಅಳತೆಗೆ ಬೇಕಾದ, ನಾಲ್ಕೂ ಮಗ್ಗುಲು ತಿಳಿಯಾದ ಕ್ವಾರ್ಟ್ಸ್ ಗಾಜಿನ ಪುಟ್ಟ ಕೊಳವೆಯನ್ನು ಮೇಲಿನ ಮಹಡಿಯ ಹಿರಿಯ ಸಂಶೋಧಕಿ, ಅಕ್ಕನಂಥ ಕೇಯಾದಿಯಿಂದ ಕಡ ತಂದಿದ್ದಳು. ಒಡೆದರೆ ನಿನ್ನ ಮದುವೆಯಲ್ಲಿ ಇಡೀ ಊರಿನ ಪಾಲಿನ ಮೀನು ನಾನೇ ತಿನ್ನುತ್ತೇನೆಂದು ಹೆದರಿಸಿಯೇ ಅವಳು ಕೊಟ್ಟದ್ದು.

ಔಷಧದ ನೀರಿಗೆ ಡಿಎನ್‌ಎಯ ಹನಿ ಬಿಟ್ಟು, ಕೊಳವೆಯ ಬಾಯಿಗೆ ಹೆಬ್ಬೆರಳೊತ್ತಿ, ಬುಡಮೇಲು ಮಾಡಿ ಕಲಸಿ, ಯಂತ್ರದೊಳಗಿಟ್ಟಳು. ಪರದೆಯ ಮೇಲೆ ಹೊಳಪಿನ ಗೆರೆ ಏರಿತು. ಇನ್ನೊಂದು ಹನಿ, ಇನ್ನೂ ಏರಿತು. ಹನಿ ಬಿಟ್ಟಷ್ಟೂ ಗಾಳಿಪಟದ ಹಾಗೆ ಎದ್ದಿತು. ಹಸಿದ ಹೊಟ್ಟೆಗೆ ಸಂತೋಷ ಬಿದ್ದರೆ ಅದು ನೇರ ತಲೆಗೇ ಹತ್ತುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಯಂತ್ರಕ್ಕೆ ಪ್ರದಕ್ಷಿಣೆ ಬಂದಳು, ಅದರ ನೆತ್ತಿಗೆ ಮುತ್ತಿಟ್ಟಳು, ಕಿಟಕಿಯಿಂದ ಬಗ್ಗಿ ಚಪ್ಪರದಲ್ಲಿ ಢಾಕ್ ಡೋಲು ಬಡಿಯುವವನಿಗೆ ಇನ್ನೂ ಜೋರಾಗಲಿ ಎಂದು ಕೈಬೀಸಿದಳು. ಡಾಕ್ಟರ್ ತೊರ್ಷಾ ಎಂದು ತಾನೇ ಕೂಗಿ ತಾನೇ ಓಗೊಟ್ಟಳು.

ಅಂಜಲಿಗೆ ಕರೆಯಲು ಬಂದ ಕೇಯಾದಿ ಬಾಗಿಲಲ್ಲೇ ನಿಂತಳು.

"ಇವತ್ತು ಓದಿದೋರನ್ನ ತಾಯಿ ಫೇಲ್ ಮಾಡ್ತಾಳೆ, ಮರ್ತ್ಯೇನೇ ಹುಚ್ಚಿ?"

"ಪಾಸು ಮಾಡಿಬಿಟ್ಟಿದಾಳೆ ದಿದಿ, ಬಂದು ನೋಡು."

ಕೇಯಾದಿ ನೋಡಿದಳು. ಅವಳ ನಗು ನಿಧಾನಕ್ಕೆ ಇಳಿಯಿತು.

"ಇದು ಬಾಗೋದೇ ಇಲ್ವಲ್ಲೇ. ಇದ್ದ ಔಷಧವೆಲ್ಲ ಡಿಎನ್‌ಎಯೊಳಗೆ ಹೋಗಿ ಕೂತ್ಮೇಲೆ ಬೆಳಕು ನಿಲ್ಲಬೇಕು ತಾನೆ? ನಿಂದೇನು ಅಕ್ಷಯಪಾತ್ರೆಯಾ? ಮುಚ್ಚಳ ಇಲ್ದೆ ಬೆರಳಲ್ಲೇ ಒತ್ತಿ ಕಲಸಿದ್ಯಾ? ಎಲ್ಲಿ, ಆ ಹಳದಿ ಹೆಬ್ಬೆರಳು ತೋರ್ಸು."

ನೇರಳೆ ದೀಪದ ಕೆಳಗೆ ಹಿಡಿದರೆ ಹೆಬ್ಬೆರಳು ಮಿಂಚುಹುಳದಂತೆ ಹೊಳೆಯಿತು. ಠಾಕುಮಾಳ ಅರಿಸಿನ! ಕಲಸಿದಾಗಲೆಲ್ಲ ಅದು ಚೂರುಚೂರೇ ಕೊಳವೆಗಿಳಿದಿತ್ತು.

ತೊರ್ಷಾಳ ಕಣ್ಣು ತುಂಬಿತು. ಕೇಯಾದಿ ಗಂಭೀರವಾಗಿರಲು ಹೆಣಗಿದಳು, ಆಗಲಿಲ್ಲ. ಒಬ್ಬಳಿಗೆ ಬಂದ ನಗು ಇನ್ನೊಬ್ಬಳಿಗೂ ಹತ್ತಿ, ಇಬ್ಬರೂ ನೆಲಕ್ಕೇ ಕೂತರು.

ಆಮೇಲೆ ಸ್ಪಿರಿಟ್ಟಿನಲ್ಲಿ ಕೊಳವೆ ತೊಳೆದರು. ತೊರ್ಷಾ ಕೈಗವಸು ಹಾಕಿದಳು, ಹೆಬ್ಬೆರಳಿನ ಜಾಗಕ್ಕೆ ಮುಚ್ಚಳ ಬಂತು. ಬರೀ ನೀರು ಹೊಳೆಯಲಿಲ್ಲ. ಬರೀ ಔಷಧ ಮಂಕು. ಒಂದು ಹನಿ ಬಿದ್ದಾಗ ಗೆರೆ ಎದ್ದಿತೋ ಇಲ್ಲವೋ ಎನ್ನುವಷ್ಟು ಎದ್ದಿತು. ಮತ್ತೆ ಹನಿ, ಮತ್ತಷ್ಟು. ತೊರ್ಷಾ ಉಸಿರು ಹಿಡಿದಳು. ಏರುತ್ತ ಏರುತ್ತ, ದೇವರೆದುರು ಬಂದವರ ತಲೆಯ ಹಾಗೆ, ಗೆರೆ ತಾನಾಗಿ ಬಾಗಿತು. ಬಾಗಿ ಮಟ್ಟಸವಾಗಿ ಮಲಗಿತು.

"ಕೂತಿದೆ ದಿದಿ," ಎಂದಳು, ಪಿಸುದನಿಯಲ್ಲಿ. ಈ ಸಲ ಕುಣಿಯಬೇಕೆಂಬುದೂ ಅವಳಿಗೆ ಮರೆತುಹೋಗಿತ್ತು. ಕುಣಿದವಳು ಕೇಯಾದಿ.

ಕೊನೆಯ ಅಂಜಲಿಗೆ ಇಬ್ಬರೂ ಎದ್ದುಬಿದ್ದು ಓಡಿದರು. ದೇವಿಯ ಪಾದಕ್ಕೆ ಮುತ್ತುಗದ ಹೂ ಬಿತ್ತು. ಪ್ರಸಾದದ ಖಿಚುರಿಯ ಸಾಲಿನಲ್ಲಿ ನಿಂತಾಗ ತೊರ್ಷಾ ಸೆರಗಿನ ಗಂಟು ಬಿಚ್ಚಿ, ತೊಳೆದು ಒರೆಸಿಟ್ಟಿದ್ದ ಕೊಳವೆಯನ್ನು ಇಡಿಯಾಗಿ ಕೇಯಾದಿಯ ಅಂಗೈಗಿಟ್ಟಳು.